ಗುಟ್ಟಿನ ಮಾತುಕತೆಯ ಬೆನ್ನು ಹತ್ತಿದ್ದು: ಕೋಲಾರದಿಂದ ನನ್ನ ಅನುಭವ

ಡಿಜಿಟಲ್ ವ್ಯಾಪಾರ ಒಪ್ಪಂದದ ಬಗ್ಗೆ ಯಾವ ರೈತ ಸಂಘ, ಸಣ್ಣ ಉದ್ದಿಮೆಗಳ ಜೊತೆ ಮಾತಾಡಿದಿರಿ ಅನ್ನೋ ನಮ್ಮ ಪ್ರಶ್ನೆಗೆ ಲೋಕಸಭೆಯಲ್ಲಿ ಕೊನೆಗೂ ಲಿಖಿತ ಉತ್ತರ ಬಂತು. "ಡಿಜಿಟಲ್ ವ್ಯಾಪಾರ ಒಪ್ಪಂದಕ್ಕೂ ಟೊಮೆಟೊ ಮಂಡಿಗೂ ಏನ್ ಸಂಬಂಧ ಸ್ವಾಮಿ" ಅಂದವರೇ ಈಗ ಪ್ರತಿ ಕೇಳುತ್ತಿದ್ದಾರೆ.

ಮೊದಲು ಆರ್‌ಟಿಐ ಹಾಕಿ ಒಪ್ಪಂದದ ಕರಡನ್ನೇ ಕೇಳಿದ್ದೆ. ದೇಶದ ಆರ್ಥಿಕ ಹಿತ, ವಿದೇಶ ಸಂಬಂಧಕ್ಕೆ ಧಕ್ಕೆಯಾಗುವ ಮಾಹಿತಿ ಕೊಡಬೇಕಿಲ್ಲ ಅನ್ನೋ ಸೆಕ್ಷನ್ 8(1)(ಎ) ತೋರಿಸಿ ಕೈತೊಳೆದುಕೊಂಡರು. ಸಾರ್ವಜನಿಕ ಹಿತ ದೊಡ್ಡದಾದರೆ ಅಂಥ ಮಾಹಿತಿಯನ್ನೂ ಕೊಡಬಹುದು ಅನ್ನೋ 8(2) ಅನ್ನು ಮೇಲ್ಮನವಿಯಲ್ಲಿ ಎತ್ತಿದರೂ ಜಗ್ಗಲಿಲ್ಲ. ಹತ್ತು ರೂಪಾಯಿ ಶುಲ್ಕ ಏನೂ ಅಲ್ಲ. ವಕೀಲರು, ಬೆಂಗಳೂರಿನ ಓಡಾಟ, ಜೆರಾಕ್ಸ್ ಅಂತ ಐದಾರು ಸಾವಿರ ಹೋಯಿತು. ನಮ್ಮಲ್ಲಿ ಇಂಥ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯ ಅಲ್ಲ. ಸಹಿ ಬಿದ್ದ ಮೇಲೆ ಕೇಳಿ ಏನು ಬಂತು, ಅಲ್ವಾ?

ಆಮೇಲೆ ನಮ್ಮ ಜೊತೆ ಮಾತುಕತೆಗೆ ಕೂತ ಹೊರದೇಶದವರ ಕಾಗದ ಹುಡುಕಿದೆ. ಅಲ್ಲಿ ದಾರಿ ಸಿಕ್ಕಿತು. ಐರೋಪ್ಯ ಒಕ್ಕೂಟ ಭಾರತದ ಮುಂದಿಟ್ಟ ಡಿಜಿಟಲ್ ಅಧ್ಯಾಯವನ್ನು 2022ರಲ್ಲೇ ಪ್ರಕಟಿಸಿತ್ತು. ಬ್ರಿಟನ್‌ನಲ್ಲಿ 2010ರ ಕಾನೂನಿನಂತೆ ಒಪ್ಪಂದವನ್ನು ಕಲಾಪದ 21 ದಿನ ಸಂಸತ್ತಿನ ಮುಂದಿಡಬೇಕು.

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಡಿಜಿಟಲ್ ವ್ಯಾಪಾರದ 12ನೇ ಅಧ್ಯಾಯ ನೋಡಿ. ಸಾಫ್ಟ್‌ವೇರ್ ಮಾರಬೇಕಾದರೆ ಸೋರ್ಸ್ ಕೋಡ್, ಅಂದರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸುವ ಮೂಲ ಬರಹ, ಕೊಡಿ ಅಂತ ಸರ್ಕಾರ ಷರತ್ತು ಹಾಕುವಂತಿಲ್ಲ. ನಿರ್ದಿಷ್ಟ ತನಿಖೆಯಂಥ ಸಂದರ್ಭದಲ್ಲಿ ಮಾತ್ರ ಕೇಳಬಹುದು. ನಾಳೆ ಕ್ಯಾಮೆರಾದಲ್ಲಿ ನೋಡಿ ಗ್ರೇಡ್ ಹಾಕುವ ಆ್ಯಪ್ ಮಂಡಿಗೆ ಬರುತ್ತೆ ಅಂದುಕೊಳ್ಳಿ. 15 ಕೆಜಿ ಬಾಕ್ಸಿನ ಒಳ್ಳೆ ಹಣ್ಣನ್ನು ಸುಮ್ನೆ ಎರಡನೇ ದರ್ಜೆಗೆ ತಳ್ಳಿದರೆ? ರೈತ ದೂರು ಕೊಟ್ಟು ತನಿಖೆ ಶುರುವಾಗುವಷ್ಟರಲ್ಲಿ ಸೀಸನ್ನೇ ಮುಗಿದಿರುತ್ತೆ. ಈ ಒಂದು ಉದಾಹರಣೆಯನ್ನು ಕರಪತ್ರ ಮಾಡಿ ಎಪಿಎಂಸಿಯಲ್ಲಿ ಹಂಚಿದೆ. ನನ್ನ ಉದ್ದುದ್ದ ಭಾಷಣಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ.

ನಡುವೆ 2022ರ ಯುಎಇ ಒಪ್ಪಂದವನ್ನೂ ಪಕ್ಕಕ್ಕಿಟ್ಟು ಗೆರೆ ಎಳೆಯುತ್ತಾ ಓದಿದೆ. ಅದರಲ್ಲೂ ಡಿಜಿಟಲ್ ಅಧ್ಯಾಯ ಇದೆ. ಆದರೆ ಅದರ ತಕರಾರನ್ನು ಒಪ್ಪಂದದ ವ್ಯಾಜ್ಯ ಪ್ರಕ್ರಿಯೆಗೆ ಒಯ್ಯುವ ಹಾಗಿಲ್ಲ. ಯುಎಇಯಿಂದ ಬ್ರಿಟನ್ ಒಪ್ಪಂದದವರೆಗೆ ಮೂರು ವರ್ಷದಲ್ಲಿ ನಾವು ಎಷ್ಟು ದೂರ ಬಂದಿದ್ದೇವೆ ಅನ್ನೋದು ಹೀಗೆ ಓದಿದರೆ ಮಾತ್ರ ಕಾಣುತ್ತೆ.

ಸಂಸದರ ಮೂಲಕ ಕೇಳಿಸುವಾಗ ಕರಡಿನ ಸುದ್ದಿಯನ್ನೇ ಎತ್ತಲಿಲ್ಲ. ಯಾವ ರೈತ ಸಂಘ, ಯಾವ ಸಣ್ಣ ಉದ್ದಿಮೆಗಳ ಜೊತೆ, ಯಾವ ತಾರೀಖು ಮಾತಾಡಿದಿರಿ? ಇಷ್ಟೇ. ಲೋಕಸಭೆಯ ನಿಯಮದಂತೆ 150 ಪದದೊಳಗೆ, ಅಭಿಪ್ರಾಯ ಕೇಳದೆ, 15 ದಿನ ಮುಂಚೆ.

ಆ ಉತ್ತರವನ್ನೇ ಲಗತ್ತಿಸಿ ಸಭೆಗಳ ನಡಾವಳಿಗೆ ಮತ್ತೆ ಆರ್‌ಟಿಐ ಹಾಕಿದೆ. ಈ ಸಲ ತಿರಸ್ಕಾರ ಇಲ್ಲ. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಅಂತ ಪತ್ರ ಬಂದಿದೆ. ಸುಮಾರು ನಲವತ್ತು ಪುಟ ಇರಬೇಕು.