ಮಳೆಗಾಲದಲ್ಲಿ ಕಾರಿನ ಕರೆಂಟು ಮನೆಗೆ: ಲೆಕ್ಕ, ವೈರು, ಹೊತ್ತು

ಆರಿದ್ರಾ ಮಳೆ ಹಿಡಿದರೆ ಶಿರಸಿ, ಸಿದ್ದಾಪುರದ ಕಡೆ ತಂತಿ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವುದು ಹೊಸತೇನಲ್ಲ. ಅಂಗಳದಲ್ಲಿರುವ ಎಲೆಕ್ಟ್ರಿಕ್ ಕಾರಿಗೆ ವಿ-ಟು-ಎಲ್ ಸೌಲಭ್ಯ, ಅಂದರೆ ಹೊರಗಿನ ಉಪಕರಣಕ್ಕೆ ಕರೆಂಟು ಕೊಡುವ ವ್ಯವಸ್ಥೆ ಇದೆಯೇ ಎಂದು ಮೊದಲು ಕೈಪಿಡಿಯಲ್ಲಿ ನೋಡಿ. ಇದ್ದರೆ ಸಾಮಾನ್ಯವಾಗಿ 3.3 ಕಿಲೋವ್ಯಾಟ್ ಆಸುಪಾಸು ಸಿಗುತ್ತದೆ.

ಫ್ರಿಜ್‌ಗೆ ದಿನಕ್ಕೆ ಒಂದೂವರೆ ಯೂನಿಟ್, ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಮೂರು ಬಿಎಲ್‌ಡಿಸಿ ಫ್ಯಾನು 10 ಗಂಟೆ ತಿರುಗಿದರೆ 0.9, ದೀಪ, ವೈಫೈ, ಮಿಕ್ಸಿಗೆ ಇನ್ನೊಂದು. ಒಟ್ಟು ಸುಮಾರು ಮೂರೂವರೆ. 40 ಯೂನಿಟ್ ಹಿಡಿಯುವ ಕಾರನ್ನು ಶೇ 80ರಿಂದ 30ಕ್ಕೆ ಇಳಿಸಿದರೆ 20 ಯೂನಿಟ್. ಕಾರೇ ತಿನ್ನುವುದನ್ನೂ ನಷ್ಟವನ್ನೂ ಕಳೆದು 16 ಎಂದು ಹಿಡಿಯಿರಿ. ನಾಲ್ಕು ದಿನ ನಿಶ್ಚಿಂತೆ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿದರೆ ಸಿಗುವುದು 0.9 ಯೂನಿಟ್ ಮಾತ್ರ.

ಬಾವಿಯ ಪಂಪು ಬೇಡ. 1 ಎಚ್‌ಪಿ ಮೋಟಾರು ಓಡುವಾಗ 1 ಕಿಲೋವ್ಯಾಟ್ ಎಳೆದರೂ ಶುರುವಾಗುವ ಕ್ಷಣ ಐದಾರು ಪಟ್ಟು ಎಳೆಯುತ್ತದೆ, ಕಾರು ಟ್ರಿಪ್ ಆಗುತ್ತದೆ. ಮೋಡ ಕಟ್ಟಿದಾಗಲೇ ಟ್ಯಾಂಕು ತುಂಬಿಸಿಡಿ.

ಎರಡೂ ತುದಿಗೆ ಪಿನ್ ಹಾಕಿದ ವೈರನ್ನು ಕಾರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಆ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಹೋಗಿ 11,000 ಆಗುತ್ತದೆ, ಮೇಲೆ ಕಂಬದಲ್ಲಿ ಲೈನ್‌ಮನ್ ಇರುತ್ತಾನೆ. ಸುಲಭದ ದಾರಿ, 2.5 ಚದರ ಮಿಲಿಮೀಟರಿನ ತಾಮ್ರದ ಮೂರು ಕೋರ್ ಎಕ್ಸ್‌ಟೆನ್ಷನ್ ಎಳೆದು ಫ್ರಿಜ್ಜು, ಫ್ಯಾನುಗಳನ್ನು ನೇರ ಅದಕ್ಕೇ ಹಾಕುವುದು. ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ ವೈರು ಕಾಯ್ದು ಪ್ಲಾಸ್ಟಿಕ್ ಕರಗುತ್ತದೆ. ಇಡೀ ಮನೆಗೇ ಬೇಕೆಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿದು ಲೈನು ಅಥವಾ ಕಾರು ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸಿರುವ ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಿ. ಹಲವು ಕಾರುಗಳ ನ್ಯೂಟ್ರಲ್ ಅರ್ಥಿಂಗ್‌ಗೆ (ನೆಲದ ತಂತಿಗೆ) ಸೇರಿರುವುದಿಲ್ಲ, ಹಾಗಾಗಿ ಶಾಕ್ ಹೊಡೆದಾಗ ಕರೆಂಟು ಕಡಿಯಬೇಕಾದ ಮನೆಯ ಆರ್‌ಸಿಸಿಬಿ ಸ್ವಿಚ್ಚು ಶಾಕ್ ಹೊಡೆದರೂ ಬೀಳದಿರಬಹುದು. ಅದನ್ನು ಅವರಿಂದ ಪರೀಕ್ಷೆ ಮಾಡಿಸಿ.

ಚಾವಣಿಯ ಆನ್‌ಗ್ರಿಡ್, ಅಂದರೆ ಲೈನಿಗೆ ಸೇರಿದ ಸೋಲಾರು ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಅದು ದೋಷವಲ್ಲ. ಕಾರಿನ ಕರೆಂಟು ತೋರಿಸಿ ಅದನ್ನು ಎಬ್ಬಿಸಲು ಹೋಗಬೇಡಿ. ಹೆಚ್ಚಾದ ಸೋಲಾರು ಕಾರಿನೊಳಕ್ಕೇ ನುಗ್ಗಿ ಇನ್ವರ್ಟರ್ ಕೆಡಬಹುದು. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಪಿನ್ನು ಹಸಿರು ಹಿಡಿಯುತ್ತದೆ, ತಿಂಗಳಿಗೊಮ್ಮೆ ಒರೆಸಿ. ಹಸಿರಾದ ಪಿನ್ನು ಬಿಸಿಯಾಗುತ್ತದೆ, ಬಿಸಿಯಾದ ಸಾಕೆಟ್ಟು ಕಪ್ಪಾಗುತ್ತದೆ.

ಇನ್ನು ಹೊತ್ತಿನ ಮಾತು. ಕೈಗಾ ಅಣುಸ್ಥಾವರ ಹಗಲೂ ರಾತ್ರಿ ಒಂದೇ ಹದದಲ್ಲಿ ಓಡುತ್ತದೆ, ಪಾವಗಡದ ಸೋಲಾರು ಮಧ್ಯಾಹ್ನ ಉಕ್ಕಿ ಸಂಜೆಗೆ ಇಲ್ಲ. ಆ ಸಂಜೆಯ ಕೊರತೆಗೆ ಸೂಪಾ ಅಣೆಕಟ್ಟಿನ ನೀರು ಬೇಕು. ನೀವೂ ಸಂಜೆ ಏಳು ಗಂಟೆಗೆ ಚಾರ್ಜಿಗೆ ಹಾಕಿದರೆ ಅದೇ ನೀರು ಖರ್ಚು. ಟೈಮರನ್ನು ಬೆಳಗ್ಗೆ 11ರಿಂದ ಮಧ್ಯಾಹ್ನ 3ಕ್ಕೆ ಇಡಿ, 3.3 ಕಿಲೋವ್ಯಾಟಿನಲ್ಲಿ 13 ಯೂನಿಟ್ ತುಂಬುತ್ತದೆ. ಒಂದು ಲಕ್ಷ ಕಾರು ಸಂಜೆ ತಲಾ 3 ಕಿಲೋವ್ಯಾಟ್ ಲೈನಿಗೆ ಮರಳಿಸಿದರೆ 300 ಮೆಗಾವ್ಯಾಟ್, ಕೈಗಾದ ಒಂದು ಘಟಕ 220. ಹಾಗೆ ಮರಳಿಸಲು ಎರಡೂ ದಿಕ್ಕಿನ ಚಾರ್ಜರ್, ಅದಕ್ಕೆ ಒಪ್ಪುವ ಕಾರು, ಎರಡೂ ಕಡೆ ಓದುವ ಮೀಟರು, ಕರೆಂಟು ಕೊಡುವ ಹೆಸ್ಕಾಂ ಒಪ್ಪಿಗೆ ಬೇಕು. ವಿ-ಟು-ಎಲ್ ಅಡಾಪ್ಟರಿನಿಂದ ಅದು ಆಗದು.