ಕೇಳಿದವರಿಗೆ ಉತ್ತರ

ಗ್ರಂಥಾಲಯದ ಮೂಲೆಯ ಮೇಜೊಂದು ಎಷ್ಟೋ ದಿನದಿಂದ ಕುಂಟುತ್ತಿತ್ತು. ಒಂದು ಸಂಜೆ ಅದು ಅಲುಗಾಡದೆ ನಿಂತಿರುವುದನ್ನು ಕಂಡು ಬಗ್ಗಿ ನೋಡಿದರೆ, ಕಾಲಿನ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿ ತುರುಕಿದ, ಯೇಸುವಿನ ಬಗೆಗಿನ ನನ್ನದೇ ಕರಪತ್ರ. ಹಿಂದಿನ ದಿನ ಕಾಲೇಜಿನ ಗೇಟಿನ ಬಳಿ ನಿಂತು 200 ಹಂಚಿದ್ದೆ. ಅವುಗಳಿಂದ ಆದ ಪ್ರಯೋಜನವೆಂದು ನಾನು ಕಣ್ಣಾರೆ ಕಂಡದ್ದು ಅದೊಂದೇ.

ಆಗ ನಾನು ಮೊದಲ ವರ್ಷದಲ್ಲಿದ್ದೆ. 1806ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು ಮಳೆಗೆ ಹುಲ್ಲಿನ ಬಣವೆಯ ಮರೆಗೆ ಸರಿದು ಪ್ರಾರ್ಥಿಸಿದ್ದನ್ನೂ, ನಾಲ್ಕೇ ವರ್ಷಗಳಲ್ಲಿ ಅದರ ಫಲವಾಗಿ ಕ್ರೈಸ್ತಧರ್ಮವನ್ನು ಹೊರದೇಶಗಳಲ್ಲಿ ಸಾರುವ ಒಂದು ಮಿಷನ್ ಮಂಡಳಿ ಹುಟ್ಟಿದ್ದನ್ನೂ ಓದಿ ತಲೆಗೇರಿಸಿಕೊಂಡಿದ್ದೆ. ಅವರು ಪ್ರಾರ್ಥಿಸಿದ್ದು ಮರೆತುಹೋಗಿ ಮಂಡಳಿ ಹುಟ್ಟಿದ್ದು ಮಾತ್ರ ನೆನಪಿತ್ತು.

ಕರಪತ್ರದ ನಂತರ ವಾದಕ್ಕೆ ಇಳಿದೆ. ದೇವರಿಲ್ಲ ಎನ್ನುತ್ತಿದ್ದ ಹಾಸ್ಟೆಲಿನ ಸೀನಿಯರ್ ಒಬ್ಬರ ಜೊತೆ ರಾತ್ರಿ ಎರಡರವರೆಗೆ ಜಗ್ಗಾಡಿ ಗೆದ್ದೆ. ಗೆದ್ದೆ ಎಂದರೆ, ಅವರು ಎದ್ದು ಹೋದರು. ಅಂದಿನಿಂದ ನನ್ನನ್ನು ದೂರದಲ್ಲಿ ಕಂಡರೂ ಸಾಕು, ಮೊಬೈಲನ್ನು ಕಿವಿಗಿಟ್ಟುಕೊಳ್ಳುತ್ತಿದ್ದರು. ನಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಬೇಕು ಎಂದು ಯೇಸುವಿನ ಶಿಷ್ಯ ಪೇತ್ರನು ಬೈಬಲಿನಲ್ಲಿರುವ ತನ್ನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು, ಆದರೆ ಅರ್ಧ ಮಾತ್ರ. ಸೌಮ್ಯವಾಗಿ, ಗೌರವದಿಂದ ಹೇಳಬೇಕೆಂಬುದು ಅದರ ಉಳಿದರ್ಧ. ಮೊದಲರ್ಧದಲ್ಲೂ ‘ಕೇಳುವವರಿಗೆ’ ಎಂಬ ಮಾತನ್ನು ನುಂಗಿಬಿಟ್ಟಿದ್ದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಕೇಳಿದವನು ಎರಡನೆಯ ವರ್ಷದಲ್ಲಿ ಸಿಕ್ಕಿದ. ಲ್ಯಾಬಿನಲ್ಲಿ ನನ್ನ ಬ್ಯಾಚಿನವನೇ. ಪಿಪೆಟ್ ತೊಳೆಯುತ್ತಾ, “ಭಾನುವಾರ ಬೆಳಿಗ್ಗೆ ಎಲ್ಲರೂ ಮಲಗಿರುವಾಗ ನೀನೊಬ್ಬ ಎದ್ದು ಹೋಗುತ್ತೀಯಲ್ಲ, ಅಲ್ಲಿ ಏನು ಮಾಡುತ್ತೀರಿ?” ಎಂದ. ಹಳೆಯ ನಾನಾಗಿದ್ದರೆ ಆದಾಮನಿಂದ ಶುರುಮಾಡುತ್ತಿದ್ದೆ. “ಹಾಡುತ್ತೇವೆ, ಓದುತ್ತೇವೆ. ಓದುವುದನ್ನು ಬೇಕಾದರೆ ಇಬ್ಬರೂ ಕೂತು ಮಾಡಬಹುದು” ಎಂದೆ.

ಮಾರ್ಕನು ಬರೆದ ಸುವಾರ್ತೆಯನ್ನು ಆರಿಸಿಕೊಂಡೆವು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ವಾರಕ್ಕೊಂದರಂತೆ ಒಂದು ಸೆಮಿಸ್ಟರ್‌ಗೆ ಸರಿಹೊಂದುತ್ತದೆ. ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದು, ಅವನು ಕೇಳದೆ ನಾನು ಪ್ರಾರ್ಥನೆಗೆ ಕೂರಿಸುವುದಿಲ್ಲ ಎಂದು ಮೊದಲೇ ಹೇಳಿದೆ. ನನಗೆ ನಾನೇ ಹಾಕಿಕೊಂಡ ಇನ್ನೊಂದು ಕಟ್ಟಳೆಯೂ ಇತ್ತು: ನೋಟ್ಸ್ ಕೊಟ್ಟ ದಿನ, ರೆಕಾರ್ಡ್ ಬರೆಯಲು ನೆರವಾದ ದಿನ ಯೇಸುವಿನ ಮಾತು ಎತ್ತುವುದಿಲ್ಲ. ನೆರವಿನ ಬೆನ್ನಿಗೇ ಸುವಾರ್ತೆ ಬಂದರೆ ಪಡೆದವನಿಗೆ ಅದು ಸಾಲದ ಬಡ್ಡಿಯಂತೆ ಕಾಣುತ್ತದೆ. ಜೂನಿಯರ್‌ಗಳ ವಿಷಯದಲ್ಲಂತೂ ಇದನ್ನು ಕೊನೆಯವರೆಗೂ ಬಿಡಲಿಲ್ಲ.

ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿಯ ಪ್ರಸಂಗ ಬರುತ್ತದೆ. ದೋಣಿಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ಗೆಳೆಯ ಅಲ್ಲೇ ಬೆರಳಿಟ್ಟು ನಿಂತ. “ದಿಂಬು ಯಾಕೆ? ಕಥೆಗೆ ಅದು ಬೇಕಾಗಿಯೇ ಇಲ್ಲವಲ್ಲ.” ಹತ್ತಾರು ಸಲ ಓದಿದ್ದ ನನಗೆ ಆ ದಿಂಬು ಕಂಡೇ ಇರಲಿಲ್ಲ. ಮತ್ತಾಯ, ಲೂಕರ ಸುವಾರ್ತೆಗಳನ್ನೂ ತೆರೆದು ನೋಡಿದೆವು. ಅದೇ ಬಿರುಗಾಳಿ ಇದೆ, ದಿಂಬಿಲ್ಲ. “ನೋಡಿದವರು ಯಾರೋ ಹೇಳಿರಬೇಕು” ಎಂದು ಅವನೇ ಹೇಳಿಕೊಂಡ. ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಯೇಸುವನ್ನು ಎಬ್ಬಿಸುವ ಸಾಲನ್ನು ಎರಡು ಸಲ ಓದಿದ. ಆ ವಾರ ಅವನ ತಂದೆ ಆಸ್ಪತ್ರೆಯಲ್ಲಿದ್ದರು. ನನ್ನ ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಹೇಗೋ ತಡೆದುಕೊಂಡೆ.

ಅಷ್ಟರಲ್ಲಿ ನಾನೇ ಕೆಡಿಸಿದೆ. ನಮ್ಮ ಕ್ರೈಸ್ತ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟದಲ್ಲಿ ಅವನ ಹೆಸರನ್ನೂ, ತಂದೆಯ ಕಾಯಿಲೆಯನ್ನೂ ಹೇಳಿ ಎಲ್ಲರೂ ಪ್ರಾರ್ಥಿಸಿ ಎಂದೆ. ಸದುದ್ದೇಶವೇನೋ ಇತ್ತು, ಜೊತೆಗೆ ‘ನನ್ನ ಬಳಿಯೂ ಒಬ್ಬನಿದ್ದಾನೆ’ ಎಂಬ ಸಣ್ಣ ಹೆಮ್ಮೆಯೂ ಇತ್ತು. ಎರಡೇ ದಿನದಲ್ಲಿ ಕ್ಯಾಂಟೀನಿನಲ್ಲಿ ಯಾರೋ ಅವನ ಹೆಗಲು ತಟ್ಟಿ, “ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ” ಎಂದರಂತೆ. ಅವನು ನೇರವಾಗಿ ನನ್ನ ಕೋಣೆಗೆ ಬಂದ. “ನಾನು ನಿನ್ನ ಗೆಳೆಯನೋ, ನಿನ್ನ ಪಟ್ಟಿಯಲ್ಲಿರುವ ಹೆಸರೋ?” ಸಮರ್ಥನೆಗೆ ಬಾಯಿ ತೆರೆದೆ, ಮುಚ್ಚಿದೆ. ತಪ್ಪಾಯಿತು ಎಂದೆ. ಮುಂದಿನ ಕೂಟದಲ್ಲಿ, ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಪ್ರಾರ್ಥನೆಯ ವಿಷಯವಾಗಿ ಹೇಳಬಾರದು ಎಂದು ಎದ್ದು ನಿಂತು ಹೇಳಿದೆ. ಕೆಲವರಿಗೆ ಹಿಡಿಸಲಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ನಡೆಯುವ ಗಾಳಿಮಾತು ಎಷ್ಟೆಂಬುದು ಒಳಗಿದ್ದವರಿಗೇ ಗೊತ್ತು.

ಮೂರು ವಾರ ಅವನು ಬರಲಿಲ್ಲ. ನಾನೂ ಕರೆಯಲಿಲ್ಲ, ಲ್ಯಾಬಿನಲ್ಲಿ ಲ್ಯಾಬಿನ ಮಾತಷ್ಟೇ. ನಾಲ್ಕನೆಯ ವಾರ ಬಾಗಿಲಲ್ಲಿ ನಿಂತು, “ಒಂಬತ್ತಕ್ಕೆ ನಿಂತಿತ್ತು ಅಲ್ಲವೇ?” ಎಂದ. ಒಂಬತ್ತನೆಯ ಅಧ್ಯಾಯದಲ್ಲಿ ಕಾಯಿಲೆಯ ಮಗನ ತಂದೆಯೊಬ್ಬ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. “ಇವನು ಪರವಾಗಿಲ್ಲ, ಸುಳ್ಳು ಹೇಳುವುದಿಲ್ಲ” ಎಂದ ಗೆಳೆಯ. ಅಂದು ಮೊದಲ ಬಾರಿಗೆ, ತನ್ನ ತಂದೆಗಾಗಿ ಪ್ರಾರ್ಥಿಸುತ್ತೀಯಾ ಎಂದು ಅವನೇ ಕೇಳಿದ. ಎರಡೇ ವಾಕ್ಯದಲ್ಲಿ ಮುಗಿಸಿದೆ.

ಕೊನೆಯ ಅಧ್ಯಾಯ ಮುಟ್ಟುವಷ್ಟರಲ್ಲಿ ಪರೀಕ್ಷೆಗಳು ಹತ್ತಿರ ಬಂದಿದ್ದವು. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಬರಹ ಎಂಟನೆಯ ವಚನಕ್ಕೇ ನಿಲ್ಲುತ್ತದೆ: ಸ್ತ್ರೀಯರು ಯೇಸುವಿನ ಬರಿದಾದ ಸಮಾಧಿಯಿಂದ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಅವನು ನಕ್ಕ. “ಅವರು ಹಾಗೆಯೇ ಸುಮ್ಮನಿದ್ದುಬಿಟ್ಟಿದ್ದರೆ ನಮ್ಮ ಗ್ರಂಥಾಲಯದ ಮೇಜು ಈಗಲೂ ಕುಂಟುತ್ತಿತ್ತು.” ಮಡಿಸಿ ಇಟ್ಟವನು ಅವನೇ ಎಂದು ಆಗ ಗೊತ್ತಾಯಿತು.

ಅವನು ಕ್ರೈಸ್ತನಾಗಿಲ್ಲ. ಇಂಥದ್ದು ಇನ್ನೊಂದಿದೆಯೇ ಎಂದು ಕೇಳಿದ. ಲೂಕನದಿದೆ, ಆದರೆ 24 ಅಧ್ಯಾಯ, ಸೆಮಿಸ್ಟರ್‌ಗೆ ಹಿಡಿಸುವುದಿಲ್ಲ ಎಂದೆ. ಉಳಿದದ್ದನ್ನು ರಜೆಯಲ್ಲಿ ಫೋನಿನಲ್ಲಿ ಓದೋಣ ಎಂದ.