ಮಲೆನಾಡಿನ ಎರಡು ರಾಟವಾಳಗಳನ್ನು ಗುರುತಿಸುವ ಬಗೆ

ಭತ್ತ ಹಾಲುಗಟ್ಟುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗದ್ದೆಗಳಲ್ಲಿ ಹಿಂಡುಹಿಂಡಾಗಿ ಇಳಿಯುವ ರಾಟವಾಳ ಹಕ್ಕಿಗಳ ಪೈಕಿ ಚುಕ್ಕೆ ರಾಟವಾಳ ಮತ್ತು ಬಿಳಿಪೃಷ್ಠದ ರಾಟವಾಳ ಎಂಬ ಎರಡು ಜಾತಿಗಳು ದೂರದಿಂದ ಒಂದೇ ರೀತಿ ಕಾಣುತ್ತವೆ. ಎರಡೂ ಸುಮಾರು 11 ಸೆಂ.ಮೀ. ಉದ್ದದ, ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿಗಳು. ಎರಡಕ್ಕೂ ಕಾಳು ಸುಲಿಯಲು ತಕ್ಕ ದಪ್ಪ ಕೊಕ್ಕಿದೆ. ಎರಡರಲ್ಲಿಯೂ ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸಲಾಗುವುದಿಲ್ಲ.

ಚುಕ್ಕೆ ರಾಟವಾಳವೆಂದರೆ ಎದೆಯ ಚುಕ್ಕೆಯನ್ನೇ ಹುಡುಕುವುದು ರೂಢಿ. ಆದರೆ ಮೊದಲು ನೋಡಬೇಕಾದದ್ದು ಬೆನ್ನಿನ ಕೆಳಭಾಗವನ್ನು. ಬಾಲದ ಬುಡಕ್ಕೆ ತುಸು ಮೇಲೆ ಅಚ್ಚ ಬಿಳಿಯ ಪಟ್ಟಿಯಿದ್ದರೆ ಅದು ಬಿಳಿಪೃಷ್ಠದ ರಾಟವಾಳ. ಕುಳಿತಾಗ ರೆಕ್ಕೆಗಳು ಈ ಪಟ್ಟಿಯನ್ನು ಮುಚ್ಚುವುದುಂಟು. ಹಿಂಡು ಎದ್ದು ಹಾರುವ ಕ್ಷಣದಲ್ಲಿ ದುರ್ಬೀನಿಲ್ಲದೆಯೂ ಅದು ಎದ್ದು ಕಾಣುತ್ತದೆ. ಚುಕ್ಕೆ ರಾಟವಾಳದ ಬೆನ್ನು ಕಂದು, ಬಾಲದ ಬುಡದಲ್ಲಿ ಮಾಸಿದ ಹಳದಿ ಛಾಯೆ.

ಬಳಿಕ ಎದೆಗೆ ಬನ್ನಿ. ಬಿಳಿಪೃಷ್ಠದ ರಾಟವಾಳದ ಮುಖ, ಗಂಟಲು ಮತ್ತು ಮೇಲೆದೆ ಕಪ್ಪುಗಂದಾಗಿದ್ದು, ಆ ಬಣ್ಣ ಗೆರೆ ಎಳೆದಂತೆ ನಿಂತು ಕೆಳಗೆ ಬೆಳ್ಳನೆಯ ಹೊಟ್ಟೆ ಆರಂಭವಾಗುತ್ತದೆ. ಚುಕ್ಕೆ ರಾಟವಾಳದ ಗಂಟಲು ಕೆಂಗಂದು. ಎದೆ ಮತ್ತು ಪಕ್ಕೆಗಳ ಬಿಳಿಯ ಮೇಲೆ ಮೀನಿನ ಹುರುಪೆಯಂತಹ ಕಂದು ಗುರುತುಗಳಿರುತ್ತವೆ.

ತೊಡಕಿರುವುದು ಮರಿಗಳಲ್ಲಿ. ಚುಕ್ಕೆ ರಾಟವಾಳದ ಮರಿಗೆ ಚುಕ್ಕೆಯೇ ಇಲ್ಲ. ಅದು ಪೂರಾ ಮಾಸಲು ಕಂದು, ಗರಿ ಬದಲಾಗುತ್ತ ಹೋದಂತೆ ಹುರುಪೆ ಅಲ್ಲಲ್ಲಿ ಮೂಡುತ್ತದೆ. ಬಿಳಿಪೃಷ್ಠದ ಮರಿಗಾದರೋ ಬಣ್ಣ ಮಂಕಾಗಿದ್ದರೂ ತಿಳಿಯಾದ ಪೃಷ್ಠವಿರುತ್ತದೆ. ಆದರೂ ಪೃಷ್ಠ ತಿಳಿಯಾಗಿಲ್ಲವೆಂದ ಮಾತ್ರಕ್ಕೆ ಕಂದು ಮರಿಯನ್ನು ಚುಕ್ಕೆ ರಾಟವಾಳವೆಂದು ಬರೆದುಬಿಡುವುದು ತರವಲ್ಲ, ಏಕೆಂದರೆ ಜೌಗು ಗದ್ದೆಗಳಲ್ಲಿರುವ ಕಪ್ಪುತಲೆಯ ರಾಟವಾಳದ ಮರಿಯೂ ಹಾಗೆಯೇ ಕಾಣುತ್ತದೆ. ಜೊತೆಗಿರುವ ದೊಡ್ಡ ಹಕ್ಕಿಗಳನ್ನು ನೋಡಿಯೇ ನಿರ್ಧರಿಸಬೇಕು.

ಗೂಡಿನಿಂದ ಹೆಚ್ಚು ಸಹಾಯವಾಗದು: ಎರಡೂ ಹುಲ್ಲಿನಿಂದ ಪಕ್ಕದಲ್ಲಿ ಬಾಯಿರುವ ಉಂಡೆಗೂಡು ಕಟ್ಟುತ್ತವೆ. ಜಾಗ ಸ್ವಲ್ಪ ಸುಳಿವು ಕೊಡುತ್ತದೆ. ತೆರೆದ ಗದ್ದೆ, ಬ್ಯಾಣದ (ಹುಲ್ಲುಗಾವಲಿನ) ಹುಲ್ಲು, ಊರಿನ ಬೇಲಿಸಾಲು ಚುಕ್ಕೆ ರಾಟವಾಳಕ್ಕೆ ಒಗ್ಗಿದರೆ, ಬಿದಿರುಮೆಳೆ, ಕುರುಚಲು ಮತ್ತು ಕಾಡಂಚು ಬಿಳಿಪೃಷ್ಠದ್ದಕ್ಕೆ ಹೆಚ್ಚು ಪ್ರಿಯ. ಆದರೆ ಕಾಡಿಗೆ ತಾಗಿದ ಮಲೆನಾಡಿನ ಗದ್ದೆಯಲ್ಲಿ ಈ ಎರಡು ನೆಲೆಗಳ ನಡುವೆ ಒಂದು ಅಗಳಿನಷ್ಟೇ (ಕಂದಕದಷ್ಟೇ) ಅಂತರವಿರುವುದರಿಂದ, ಹಿಂಡಿನ ಒಂದು ಹಕ್ಕಿಯನ್ನು ಗುರುತಿಸಿ ಉಳಿದವೂ ಅದೇ ಜಾತಿಯೆಂದು ಲೆಕ್ಕ ಹಾಕದೆ, ಒಂದೊಂದರ ಬೆನ್ನನ್ನೂ ಪರೀಕ್ಷಿಸಿ ಎರಡು ಎಣಿಕೆಗಳನ್ನು ಬೇರೆಬೇರೆಯಾಗಿ ಬರೆದಿಡಿ.